ಎಡಕ್ಕೆ ಎಳೆಯುವ ಜಾಯ್‌ಸ್ಟಿಕ್

ಕೊಟ್ಟೂರಿನಲ್ಲಿ ನನ್ನದೊಂದು ಮೋಟರು ಕಟ್ಟುವ ಅಂಗಡಿ ಇದೆ. ಬೋರ್‌ವೆಲ್ಲಿನ ಮೋಟರು ಸುಟ್ಟರೆ ಒಳಗಿನ ತಾಮ್ರದ ತಂತಿಯನ್ನೆಲ್ಲ ಕಿತ್ತು, ಹೊಸ ತಂತಿ ಸುತ್ತಿ ಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷ ನನ್ನ ಎದುರಿಗೆ ಒಂದು ಸ್ಟೂಲು ಇದೆ, ಆ ಸ್ಟೂಲಿನ ಮೇಲೆ ಯಾರಾದರೊಬ್ಬ ಕೂತಿದ್ದಾನೆ, ಆ ಕೂತವನಿಗೆ ನನ್ನ ಮೇಲೆ ನಂಬಿಕೆ ಇಲ್ಲ.

ಇದು ನಮ್ಮ ಕಡೆಯ ಪದ್ಧತಿ. ಕಾನಹೊಸಹಳ್ಳಿಯಿಂದ ಬರಲಿ, ಚಿಗಟೇರಿಯಿಂದ ಬರಲಿ, ಮೋಟರು ತಂದವನು ಅದನ್ನು ಬಿಟ್ಟು ಹೋಗುವುದಿಲ್ಲ. ಆ ಕಡೆ ತಿರುಗಿದರೆ ಸಾಕು, ನಾನು ತಾಮ್ರದ ಬದಲು ಅಲ್ಯುಮಿನಿಯಂ ಸುತ್ತಿಬಿಡುತ್ತೇನೆ ಅನ್ನುವುದು ಅವನ ಲೆಕ್ಕ. ಬರುವಾಗಲೇ ಮನೆಯ ಹೆಣ್ಣುಮಕ್ಕಳ ನೇಲ್ ಪಾಲಿಶ್‌ನಿಂದ ಮೋಟರಿಗೆ ಒಂದು ಚುಕ್ಕೆ ಇಟ್ಟು ತಂದಿರುತ್ತಾನೆ, ಬದಲಾಯಿಸಬಾರದಲ್ಲ! "ಅಣ್ಣಾರ, ಒಂದೀಟು ಚಾ ಕುಡದ್ ಬರ್ರಿ" ಅಂದರೆ "ಇಲ್ಲಿಗೇ ತರಸ್ರಿ" ಅನ್ನುತ್ತಾನೆ. ಸಂಜೆ ಕೆಲಸ ಮುಗಿದ ಮೇಲೆ ಕಿತ್ತ ಹಳೇ ತಂತಿಯನ್ನೂ ಚೀಲಕ್ಕೆ ಹಾಕಿಸಿಕೊಂಡು, ಒಳಗೆ ಇಣುಕಿ ನೋಡಿ, ಚೀಲದ ಬಾಯಿ ಕಟ್ಟಿಕೊಂಡು ಹೋಗುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ಕೈಯ ಮೇಲೆ ಇನ್ನೊಬ್ಬರ ಕಣ್ಣು ಇಟ್ಟುಕೊಂಡು ದಿನವಿಡೀ ತಂತಿ ಸುತ್ತಿ ನೋಡಬೇಕು, ಆಗ ಗೊತ್ತಾಗುತ್ತದೆ.

ಆ ಸ್ಟೂಲಿನ ಮೇಲೆ ಕೂರದ ಗಿರಾಕಿ ನನಗೆ ಒಬ್ಬನೇ ಒಬ್ಬ. ನನ್ನ ದೋಸ್ತ. ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಹಿರೇಹಡಗಲಿ ಹತ್ತಿರ ಅವನದೊಂದು ಹೊಲ, ಹೊಲದಲ್ಲೊಂದು ಬೋರು. ಮೊದಲ ಸಲ ಅವನ ಮೋಟರು ಸುಟ್ಟಾಗ ಟೆಂಪೋದಿಂದ ಇಳಿಸಿ, "ಕಟ್ಟಿಡಲೇ, ನಾನು ಮಂಡಕ್ಕಿ ಮಿರ್ಚಿ ತಿಂದ್ ಬರ್ತೀನಿ" ಅಂತ ಹೋದವನು ಬಂದದ್ದು ಸಂಜೆಗೆ. ಹಳೇ ತಂತಿ ಕೊಡಲು ಹೋದರೆ, "ಅದನ್ನ ತಗೊಂಡು ನಾನೇನು ಕೊರಳಿಗೆ ಹಾಕ್ಕೊಳ್ಳಲೇ? ನೀನ ಇಟ್ಗೋ" ಅಂದ. ಆ ದಿನ ಮನೆಗೆ ಹೋಗಿ ಹೆಂಡತಿಗೆ ಇದನ್ನೇ ಮೂರು ಸಲ ಹೇಳಿದೆ. "ಆತ್ರೀ, ಕೇಳೀನಿ" ಅಂದಳು. ಅವಳಿಗೇನು ಗೊತ್ತು, ಊರಿಗೆಲ್ಲ ಕಳ್ಳನಾದವನಿಗೆ ಒಬ್ಬ ನಂಬುವವನು ಸಿಕ್ಕರೆ ಎಷ್ಟು ದೊಡ್ಡದು ಅಂತ.

ಹಾಗಂತ ನಾನೇನು ನಂಬುವ ಪೈಕಿ ಅಲ್ಲ. ಮೋಟರಿನ ಅಚ್ಚು ತಿರುಗುವ ಬುಷ್ಷನ್ನು ಕಂಚಿನದು ಅಂತ ಹೇಳಿ, ಕಬ್ಬಿಣಕ್ಕೆ ಕಂಚಿನ ಲೇಪ ಹಚ್ಚಿ ಮಾರಿದವರನ್ನು ನಾನು ಕಂಡಿದ್ದೇನೆ. ಅದಕ್ಕೇ ನನ್ನ ಪ್ಯಾಂಟಿನ ಎಡಗಿಸೆಯಲ್ಲಿ ಸದಾ ಒಂದು ಆಯಸ್ಕಾಂತ ಇರುತ್ತದೆ; ಕಂಚಿಗೆ ಅಂಟದು, ಕಬ್ಬಿಣಕ್ಕೆ ಅಂಟುತ್ತದೆ. ಕೆಟ್ಟ ಹಾರ್ಡ್ ಡಿಸ್ಕ್ ಒಡೆದಾಗ ಒಳಗೆ ಸಿಗುವಂಥದ್ದು. ನೋಡಲು ತೆಳ್ಳಗಿನ ಬಾಗಿದ ತುಂಡು, ಹಿಡಿದರೆ ಬಿಡುವುದಿಲ್ಲ ಪೀಡೆ. ಕೊಟ್ಟವನು ಅದೇ ದೋಸ್ತ. "ಹಿಡಿ, ನಿನ್ನ ಸಂಶಯಕ್ಕ ಇದೊಂದು ಕಮ್ಮಿ ಇತ್ತು" ಅಂತ ನಗುತ್ತಾ ಕೊಟ್ಟಿದ್ದ. ಬುಷ್ಷಿಗೆ, ನಟ್ಟಿಗೆ, ಸಂತೆಯ ಕೊಳಗಕ್ಕೆ, ಎಲ್ಲದಕ್ಕೂ ಹಚ್ಚಿ ನೋಡುತ್ತಿದ್ದೆ. ಮಾವನ ಮನೆಯಲ್ಲಿ ಹೊಸ ಸ್ಟೀಲ್ ಲೋಟಕ್ಕೂ ಹಚ್ಚಿದೆ. ಒಳ್ಳೇ ಸ್ಟೀಲಿಗೆ ಅಂಟಬಾರದು, ಅದು ಟಪ್ ಅಂತ ಅಂಟಿಕೊಂಡಿತು. ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇನ್ನು ಆಟದ ಸುದ್ದಿ. ನಲವತ್ತೈದು ದಾಟಿದ ಇಬ್ಬರು ಗಂಡಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಕಾಶದಲ್ಲಿ ಹಡಗು ಓಡಿಸುತ್ತಾರೆ ಅಂದರೆ ಕೇಳಿದವರು ನಗುತ್ತಾರೆ. ನಗಲಿ. ಸಂಜೆ ಅಂಗಡಿ ಮುಚ್ಚಿ ಬಂದು ನಾನು ಕೊಟ್ಟೂರಿನಲ್ಲಿ, ಅವನು ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆವು. ಸರಕು ಹೇರಿಕೊಂಡು ಒಂದು ಗ್ರಹದಿಂದ ಇನ್ನೊಂದು ಗ್ರಹಕ್ಕೆ ಸಾಗಿಸುವ ಆಟ. ಅವನ ಹಡಗು ಎಡಕ್ಕೆ, ನನ್ನದು ಬಲಕ್ಕೆ, ಜೋಡಿ ಎತ್ತಿನ ಹಾಗೆ. ಅಲ್ಲಿ ನನ್ನ ಕೈ ಕಾಯುವವರು ಯಾರೂ ಇಲ್ಲ. ಎದುರಿಗೆ ಸ್ಟೂಲೂ ಇಲ್ಲ. ಅದೇ ನನಗೆ ಹಿತವಾದದ್ದು.

ಎರಡು ವರ್ಷ ಕೀಬೋರ್ಡಿನಲ್ಲೇ ಓಡಿಸಿದೆ. ಕೀಲಿ ಒತ್ತಿದರೆ ಹಡಗು ದಡಕ್ಕನೆ ತಿರುಗುತ್ತದೆ, ಬಿಟ್ಟರೆ ದಡಕ್ಕನೆ ನಿಲ್ಲುತ್ತದೆ. ನಯ ಅನ್ನುವುದೇ ಇಲ್ಲ. ಜಾಯ್‌ಸ್ಟಿಕ್ ತಗೋ ಅಂತ ದೋಸ್ತ ಗಂಟು ಬಿದ್ದ. ಒಂದು ಭಾನುವಾರ ಅವನ ಅಂಗಡಿಗೆ ಹೋದೆ. ಗಾಜಿನ ಕೌಂಟರಿನ ಮೇಲೆ ಎರಡು ಡಬ್ಬಿ ಇಟ್ಟ. ಹೊರಗಿನಿಂದ ಎರಡೂ ಒಂದೇ ಥರ: ಒಂದು ಪೀಠ, ಅದರ ಮೇಲೆ ಕೈಹಿಡಿ, ಹೆಬ್ಬೆರಳಿಗೆ ನಾಲ್ಕು ಬಟನ್, ಪಕ್ಕದಲ್ಲಿ ವೇಗಕ್ಕೊಂದು ಸಣ್ಣ ಲಿವರು.

"ಇದರಾಗ ಹಳೇ ರೇಡಿಯೋದ ವಾಲ್ಯೂಮ್ ಇರ್ತದಲ್ಲ, ಅಂಥದ್ದು ಐತಿ" ಅಂದ ಮೊದಲನೆಯದನ್ನು ತೋರಿಸಿ. "ಉಜ್ಜಿ ಉಜ್ಜಿ ಸವೀತೈತಿ. ಇನ್ನೊಂದರಾಗ ಉಜ್ಜೋದ ಇಲ್ಲ. ಕಡ್ಡಿ ಬುಡಕ್ಕ ಸಣ್ಣ ಆಯಸ್ಕಾಂತ ಐತಿ, ಅದು ಎಲ್ಲಿ ಐತಿ ಅಂತ ಒಂದು ಸೆನ್ಸರ್ ದೂರದಿಂದನ ನೋಡ್ತೈತಿ. ಸವೆಯಂಗಿಲ್ಲ."

ರೇಡಿಯೋದ ವಾಲ್ಯೂಮ್ ಸವೆದು ಕರಕರ ಅನ್ನುವುದನ್ನು ನಾನೇ ನೂರು ಸಲ ನೋಡಿದವನು. ಎರಡನೆಯದನ್ನೇ ಆರಿಸಿದೆ. ಆದರೂ ಬಿಟ್ಟೇನೇ? ಕೈಹಿಡಿ ಅತ್ತಿತ್ತ ತಿರುವಿ ಕಿವಿ ಹಚ್ಚಿ ಕೇಳಿದೆ. ಡಬ್ಬಿಯ ಸೀಲು ಮೊದಲೇ ಒಡೆದಿತ್ತೋ ಅಂತ ಬೆಳಕಿಗೆ ಹಿಡಿದು ನೋಡಿದೆ. ದೋಸ್ತ ಕೈಕಟ್ಟಿಕೊಂಡು ನೋಡುತ್ತಿದ್ದ. "ಲೇ, ಹೆಣ್ಣು ನೋಡಾಕ ಹೋದಾಗೂ ಇಷ್ಟು ನೋಡಿದ್ದಿಲ್ಲ ನೀನು" ಅಂದ. ನಾನೂ ನಕ್ಕೆ. ಮನೆಗೆ ಬಂದವನೇ ಹೆಂಡತಿಯ ನೇಲ್ ಪಾಲಿಶ್ ತೆಗೆದು, ಪೀಠದ ಅಡಿಯ ನಾಲ್ಕೂ ಸ್ಕ್ರೂಗಳ ತಲೆಗೆ ಒಂದೊಂದು ಚುಕ್ಕೆ ಇಟ್ಟೆ. ಗಿರಾಕಿಗಳನ್ನು ನೋಡಿ ನೋಡಿ ಆ ಚಾಳಿ ನನ್ನ ಕೈಗೂ ಬಂದುಬಿಟ್ಟಿತ್ತು.

ಜೋಡಿಸುವುದೇ ಒಂದು ವಾರದ ಕೆಲಸವಾಯಿತು. ಮೇಜಿನ ಮೇಲಿಟ್ಟರೆ ಎತ್ತರವಾಗಿ ಭುಜ ನೋಯುತ್ತಿತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಗಿಡ್ಡ ಸ್ಟ್ಯಾಂಡ್ ಮಾಡಿಸಿ, ಕುರ್ಚಿಗೆ ಬಿಗಿದು, ಜಾಯ್‌ಸ್ಟಿಕ್ಕನ್ನು ಎರಡು ತೊಡೆಗಳ ನಡುವೆ ಬರುವಂತೆ ಕೂರಿಸಿದೆ. ಯಾವ ಬಟನ್ ಯಾವುದಕ್ಕೆ ಅಂತ ನೆನಪಿರಲು ಹೆಂಡತಿ ಹಣೆಗಿಡುವ ಟಿಕಳಿ ಹಚ್ಚಿದೆ: ಕೆಂಪು ಟಿಕಳಿ ಚಕ್ರ ಇಳಿಸಲು, ಹಸಿರು ಟಿಕಳಿ ದೀಪಕ್ಕೆ. "ನನ್ನ ಡಬ್ಬಿ ಪೂರ್ತಿ ಇದಕ್ಕ ಹಾಕ್ರಿ, ಆರತಿ ಮಾಡೋಣು" ಅಂದಳು ಅವಳು. ಕೊನೆಗೆ ಕಡ್ಡಿಯ ನಡು ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸಬೇಕಿತ್ತು. ಕೈ ಬಿಡಿ, ನಡುವೆ ಇರಲಿ ಅಂತ ಪರದೆ ಹೇಳಿತು. ಉಸಿರು ತಾಗಿ ಅಲುಗಿದರೂ ತಪ್ಪಾದೀತು ಅಂತ ನಾನು ಕುರ್ಚಿಯಿಂದ ಎದ್ದು, ಎರಡು ಹೆಜ್ಜೆ ದೂರ ನಿಂತು, ಅಲ್ಲಿಂದಲೇ ಕೈ ಚಾಚಿ ಕೀಲಿ ಒತ್ತಿದೆ. ನನ್ನಷ್ಟು ಜಾಗ್ರತೆ ಯಾರೂ ಮಾಡಿರಲಿಕ್ಕಿಲ್ಲ ಅಂತ ಒಳಗೊಳಗೇ ಬೀಗಿದೆ.

ಮೊದಲ ಸಂಜೆ ಹಡಗು ಎತ್ತಿದೆ. ಆಹಾ, ಏನು ನಯ! ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ. ಆದರೆ ಸ್ವಲ್ಪ ಹೊತ್ತಿಗೆ ಏನೋ ಸರಿ ಇಲ್ಲ ಅನ್ನಿಸಿತು. ಕೈ ಬಿಟ್ಟರೆ ಹಡಗು ತಾನೇ ತಾನಾಗಿ ಎಡಕ್ಕೆ ವಾಲುತ್ತಿತ್ತು. ನೆಟ್ಟಗೆ ಮಾಡಿದೆ. ಮತ್ತೆ ಎಡಕ್ಕೆ. ಎಡಕ್ಕೆ ಹೋಗಿ ಹೋಗಿ ದೋಸ್ತನ ಹಡಗಿನ ಪಕ್ಕೆಗೆ ಗುದ್ದಿತು.

"ಕುಡದು ಓಡಸಾಕತ್ತಿಯೇನಲೇ?" ಅಂತ ಹೆಡ್‌ಫೋನಿನಲ್ಲಿ ಕೂಗಿದ.

"ಎಳೀತೈತಿ. ನೀ ಕೊಟ್ಟ ಕಡ್ಡಿ ಎಡಕ್ಕ ಎಳೀತೈತಿ."

"ಹೊಸದೈತಲ್ಲ, ಹಂಗ ಎಳಿಬಾರದು. ಡೆಡ್ ಝೋನ್ ಒಂದೀಟು ಜಾಸ್ತಿ ಮಾಡು, ನಿಲ್ತೈತಿ."

ಡೆಡ್ ಝೋನ್ ಅಂದರೆ ಕಡ್ಡಿಯ ನಡುಭಾಗದಲ್ಲಿ ಸಣ್ಣಪುಟ್ಟ ಅಲುಗಾಟವನ್ನು ಹಡಗು ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಮಾಡುವುದು. ನನ್ನ ಕಿವಿ ನಿಮಿರಿತು. ಮೋಟರು ಸದ್ದು ಮಾಡಿದರೆ ಮೇಲೆ ಗ್ರೀಸ್ ಮೆತ್ತಿ ಕಳಿಸುವವರು ಹೀಗೇ ಮಾತಾಡುತ್ತಾರೆ. ದೋಷ ಇರುವುದು ಇವನಿಗೆ ಮೊದಲೇ ಗೊತ್ತಿತ್ತೋ ಏನೋ? ಯಾರೋ ವಾಪಸ್ ಕೊಟ್ಟ ಪೀಸನ್ನು ನನಗೆ ದಾಟಿಸಿದನೋ? ದೋಸ್ತ ಅಲ್ಲವಾ, ಬಾಯಿ ಮುಚ್ಚಿಕೊಂಡು ಇಟ್ಟುಕೊಳ್ಳುತ್ತಾನೆ ಅಂತ ಲೆಕ್ಕ ಹಾಕಿರಬೇಕು. ಇಂಥ ವಿಚಾರ ತಲೆಗೆ ಒಮ್ಮೆ ಹೊಕ್ಕರೆ ನನಗೆ ಊಟ ಸೇರುವುದಿಲ್ಲ.

ಕುರ್ಚಿಯಿಂದ ಬಿಚ್ಚಿ ಒಯ್ದು ಅವನಿಗೇ ಕೊಟ್ಟು ಬಂದೆ. ನಾಲ್ಕು ದಿನ ಇಟ್ಟುಕೊಂಡು, "ಏನೂ ಆಗಿಲ್ಲ, ದಾರ ಹಿಡಿದಂಗ ಹೋಗ್ತೈತಿ" ಅಂತ ಬಸ್ಸಿನಲ್ಲಿ ಕಳಿಸಿದ. ಡಬ್ಬಿ ತೆಗೆದು ಮೊದಲು ನೋಡಿದ್ದು ಅಡಿಯ ಚುಕ್ಕೆಗಳನ್ನು. ಎರಡು ಸ್ಕ್ರೂಗಳ ಚುಕ್ಕೆ ಎದ್ದುಹೋಗಿತ್ತು. ಅಂದರೆ ಬಿಚ್ಚಿದ್ದಾನೆ. ಬಿಚ್ಚದೆ ಹೇಗೆ ಪರೀಕ್ಷೆ ಮಾಡುತ್ತಾನೆ ಅಂತ ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಒಳಗಿನದು ಬದಲಾಯಿಸಿದ್ದಾನೆ ಅಂತಲೇ ಹೊಳೆಯಿತು. ಕುರ್ಚಿಗೆ ಜೋಡಿಸಿ ಕೂತೆ. ಹಡಗು ಎಡಕ್ಕೆ ವಾಲಿತು. ಹೆಂಡತಿಯನ್ನು ಕರೆದು, "ನೀ ಕೂಡು, ನೋಡೋಣ" ಅಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಹಡಗು ನೆಟ್ಟಗೆ ಹೋಯಿತು.

"ನನಗ ಬರೋಬರಿ ಹೊಂಟೈತಲ್ರೀ" ಅಂದಳು.

"ಅದು ಬಿಟ್ಟು ಬಿಟ್ಟು ಎಳೀತೈತಿ. ಮೋಸದ ಮಾಲು ಹಂಗ ಇರ್ತೈತಿ" ಅಂದೆ. ಬಾಯಿಗೆ ಬಂದದ್ದನ್ನು ಎಷ್ಟು ಧೈರ್ಯದಿಂದ ಹೇಳಿದೆ ಅಂತ ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಅಂಗಡಿಗೆ ಬೀಗ ಹಾಕಿ ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದೆ. ದೋಸ್ತನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬರು ಲ್ಯಾಪ್‌ಟಾಪ್ ರಿಪೇರಿಗೆ ಬಿಡಲು ಬಂದ ಮೇಷ್ಟ್ರು, ಇನ್ನೊಬ್ಬ ಪ್ರಿಂಟ್ ತೆಗೆಸಲು ಬಂದವನು. ನಾನು ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದೆ.

"ನನ್ನ ಎದುರಿಗೇ ಬಿಚ್ಚು" ಅಂದೆ.

ಅವನು ಒಮ್ಮೆ ನನ್ನ ಮುಖ ನೋಡಿದ. "ಯಾಕಲೇ?"

"ಒಳಗಿಂದು ಬ್ಯಾರೆ ಆಗೈತಿ ಅಂತ ನನಗ ಅನುಮಾನ. ಸ್ಕ್ರೂದ ಮ್ಯಾಲಿನ ಗುರುತು ಎದ್ದಾವ."

"ಗುರುತು? ನೀನು ಗುರುತು ಹಾಕಿದ್ದೀಯೇನು ಇದಕ್ಕ?"

ಅಲ್ಲೇ ಒಂದು ಪ್ಲಾಸ್ಟಿಕ್ ಸ್ಟೂಲಿತ್ತು. ಎಳೆದುಕೊಂಡು ಕೂತೆ. ಅವನು ಸ್ಕ್ರೂ ಡ್ರೈವರ್ ತೆಗೆದು ಒಂದೊಂದೇ ಸ್ಕ್ರೂ ಬಿಚ್ಚಿ ಸಾಲಾಗಿ ಇಟ್ಟ. ಒಳಗಿನ ಸರ್ಕ್ಯೂಟ್ ಹಲಗೆ ತೋರಿಸಿದ, ಅದರ ಮೇಲಿನ ನಂಬರನ್ನೂ ಡಬ್ಬಿಯ ಮೇಲಿನ ನಂಬರನ್ನೂ ಜೋಡಿಸಿ ತೋರಿಸಿದ. ಎರಡೂ ಒಂದೇ. ಮತ್ತೆ ಮುಚ್ಚಿ, ಕೌಂಟರಿನ ಮೇಲೇ ಕಂಪ್ಯೂಟರಿಗೆ ಹಚ್ಚಿ, ಕೈ ಬಿಟ್ಟ. ಕಡ್ಡಿ ಎಲ್ಲಿದೆ ಅಂತ ಪರದೆಯ ಮೇಲೆ ತೋರಿಸುವ ಚುಕ್ಕೆ ನಡುವಿನಿಂದ ಕದಲಲಿಲ್ಲ. ನಾನು ಎದ್ದು ಕೈ ಚಾಚಿ ಅಲುಗಿಸಿ ಬಿಟ್ಟೆ. ಮತ್ತೆ ನಡುವಿಗೇ ಬಂದು ನಿಂತಿತು.

ಅಷ್ಟರಲ್ಲಿ ಮೇಷ್ಟ್ರು ತಮ್ಮ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡರು. "ನಾಳಿ ಬರ್ತೀನಿ ಬಿಡ್ರಿ" ಅಂತ ಹೊರಗೆ ನಡೆದರು. ಬಿಟ್ಟುಹೋಗಲು ಬಂದವರು ಬಿಡದೆ ಹೋದರು. ದೋಸ್ತ ಅವರ ಬೆನ್ನನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ಅದರ ಬದಲು, "ಮನ್ಯಾಗ ಎಳೀತೈತಿ" ಅಂದೆ.

"ಹಂಗಾದ್ರ ನಿನ್ನ ಮನೀನ ರಿಪೇರಿ ಮಾಡಸಬೇಕು" ಅಂದ. ನಗಲಿಲ್ಲ. ಯಾವತ್ತೂ ಬಸ್‌ಸ್ಟ್ಯಾಂಡಿನವರೆಗೆ ಬರುತ್ತಿದ್ದವನು ಆ ದಿನ ಕುರ್ಚಿ ಬಿಟ್ಟು ಏಳಲಿಲ್ಲ.

ಆಮೇಲೆ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮಂಥ ಅಂಗಡಿಗಳಿಗೆ ರಜೆ; ಯಂತ್ರಕ್ಕೆ ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಬಾಗಿಲು ಹಾಕುತ್ತೇವೆ. ನಾನು ಸ್ನಾನ ಮಾಡಿ, ಲುಂಗಿ ಸುತ್ತಿಕೊಂಡು, ಬೇಜಾರಿಗೆ ಹಡಗು ಎತ್ತಿದೆ. ನೆಟ್ಟಗೆ ಹೋಯಿತು! ಒಂದು ತಾಸು ಓಡಿಸಿದೆ, ಕೂದಲೆಳೆಯಷ್ಟೂ ವಾಲಲಿಲ್ಲ. ಖುಷಿ ಪಡಬೇಕಲ್ಲ? ಇಲ್ಲ. ಇವತ್ತು ಯಾಕೆ ಸರಿ ಇದೆ ಅಂತ ಹೊಸ ಅನುಮಾನ ಶುರುವಾಯಿತು. ಮರುದಿನ ಸಂಜೆ ಅಂಗಡಿಯಿಂದ ಬಂದು ಪ್ಯಾಂಟಿನಲ್ಲೇ ಕೂತೆ. ಎಡಕ್ಕೆ ವಾಲಿತು. ಸಿಟ್ಟಿನಿಂದ ಎದ್ದು ನಿಂತೆ. ನೆಟ್ಟಗಾಯಿತು. ಕೂತೆ, ವಾಲಿತು. ಎದ್ದೆ, ನೆಟ್ಟಗಾಯಿತು.

ಬಾಗಿಲಲ್ಲಿ ಚಹಾ ಹಿಡಿದು ನಿಂತ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. "ನಿನ್ನೆ ಲುಂಗ್ಯಾಗ ಇದ್ರಿ, ಸರಿ ಇತ್ತು. ಇವತ್ತು ಪ್ಯಾಂಟಿನ್ಯಾಗ ಅದೀರಿ" ಅಂದಳು. "ಕಿಸೆದಾಗ ಏನೈತಿ, ತೆಗೀರಿ ನೋಡೋಣು."

ಎಡಗಿಸೆಗೆ ಕೈ ಹಾಕಿದೆ. ಅಂಗೈಯಲ್ಲಿ ಆಯಸ್ಕಾಂತ. ತೊಡೆಯಿಂದ ನಾಲ್ಕು ಬೆರಳು ದೂರದಲ್ಲಿ ಜಾಯ್‌ಸ್ಟಿಕ್ಕಿನ ಪೀಠ, ಅದರೊಳಗೆ ಇನ್ನೊಂದು ಆಯಸ್ಕಾಂತ, ಅದನ್ನು ಕಾಯುವ ಸೆನ್ಸರ್. ನನ್ನ ಕಿಸೆಯಲ್ಲಿದ್ದದ್ದು ಹತ್ತಿರ ಬಂದರೆ ಪಾಪ, ಅದಾದರೂ ಏನು ಮಾಡೀತು? ಕಡ್ಡಿ ಎಡಕ್ಕೆ ಹೋಯಿತು ಅಂತಲೇ ಕಂಪ್ಯೂಟರಿಗೆ ಹೇಳುತ್ತಿತ್ತು. ಇಪ್ಪತ್ತು ವರ್ಷದಿಂದ ಮೋಟರು ಕಟ್ಟುವವನು ನಾನು. ಆಯಸ್ಕಾಂತ ಏನು ಮಾಡುತ್ತದೆ ಅಂತ ನನಗೆ ಇನ್ನೊಬ್ಬರು ಹೇಳಬೇಕಾಯಿತು. ಹೆಂಡತಿ ಚಹಾ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಅವಳೇ ಹೇಳಿದಳು, "ಈಗ ಫೋನ್ ಹಚ್ಚಿ ಅವರಿಗೆ ಹೇಳ್ರಿ. ನಾಲ್ಕು ಮಂದಿ ಮುಂದ ಮರ್ಯಾದಿ ತೆಗದು ಬಂದೀರಿ."

ಹಚ್ಚಲಿಲ್ಲ. ರಾತ್ರಿ ಹೆಡ್‌ಫೋನಿನಲ್ಲಿ, "ಸರಿ ಆತು ನೋಡು" ಅಂದೆ.

"ಏನಾಗಿತ್ತು?"

ನಿಜ ನಾಲಿಗೆಯ ತುದಿಗೆ ಬಂದಿತ್ತು. "ಒಳಗ ಯಾವುದೋ ವೈರ್ ಸಡಿಲ ಇತ್ತು. ಬಿಗಿ ಮಾಡಿದೆ" ಅಂದೆ.

"ನಿನ್ನ ಎದುರಿಗೇ ಬಿಚ್ಚಿ ತೋರಿಸಿದ್ದೆ. ಸಡಿಲ ಇತ್ತೇನು?" ಅಂದ. ನಾನು ಹೂಂ ಅಂದೆ. ಅವನೂ ಹೂಂ ಅಂದ. ಅವನ ಹಡಗು ಎಡಕ್ಕೆ, ನನ್ನದು ಬಲಕ್ಕೆ, ಮೊದಲಿನ ಹಾಗೇ ಹೋದವು. ಮೊದಲಿಗಿಂತ ನಡುವೆ ಜಾಗ ಜಾಸ್ತಿ ಇತ್ತು. ನನಗೇ ಹಾಗೆ ಕಂಡಿತೋ ಏನೋ.

ಎರಡು ತಿಂಗಳಾದ ಮೇಲೆ ಅವನ ಹೊಲದ ಮೋಟರು ಸುಟ್ಟಿತು. ಬೆಳಿಗ್ಗೆ ಟೆಂಪೋದಲ್ಲಿ ಹಾಕಿಕೊಂಡು, ಹಿಂದೆ ತಾನೂ ಬೈಕಿನಲ್ಲಿ ಬಂದ. ನನಗೆ ಖುಷಿಯೋ ಖುಷಿ. ಕೊಟ್ಟೂರು ದಾಟಿ ಬೇರೆ ಕಡೆ ಹೋಗಲಿಲ್ಲವಲ್ಲ, ನನ್ನ ಹತ್ತಿರವೇ ಬಂದನಲ್ಲ ಅಂತ. ಇಳಿಸಿದೆವು. ಅವನು ಮಿರ್ಚಿ ತಿನ್ನಲು ಹೊರಡುತ್ತಾನೆ ಅಂತ ಕಾದೆ. ಅವನು ಕಿಸೆಯಿಂದ ಕರವಸ್ತ್ರ ತೆಗೆದು, ಸ್ಟೂಲಿನ ಧೂಳು ಒರೆಸಿ, ನನ್ನ ಎದುರಿಗೆ ಎಳೆದುಕೊಂಡು ಕೂತ.

ಸುಟ್ಟ ತಂತಿ ಕೀಳುತ್ತಾ ಕೀಳುತ್ತಾ ಎಲ್ಲ ಹೇಳಿದೆ. ಕಿಸೆ, ಲುಂಗಿ, ಅಮಾವಾಸ್ಯೆ, ಸಡಿಲ ವೈರಿನ ಸುಳ್ಳು, ಒಂದನ್ನೂ ಬಿಡಲಿಲ್ಲ. "ತಪ್ಪಾತಲೇ. ನಿನ್ನ ಅಂಗಡ್ಯಾಗ ಹಂಗ ಕೂಡಬಾರದಿತ್ತು" ಅಂದೆ. ಕಿಸೆಯಿಂದ ಆಯಸ್ಕಾಂತ ತೆಗೆದು ಅವನ ಕೈಗಿಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, "ಇದು ನಾನ ಕೊಟ್ಟಿದ್ದೈತಲ್ಲೋ!" ಅಂತ ತೊಡೆ ತಟ್ಟಿಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ನಾನೂ ನಕ್ಕೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

"ಹೋಗು, ಮಿರ್ಚಿ ತಿಂದ್ ಬಾ. ಸಂಜಿಗೆ ಕಟ್ಟಿ ಇಟ್ಟಿರ್ತೀನಿ" ಅಂದೆ.

"ಇರ್ಲಿ ತಗೋ" ಅಂದ ಅವನು, ಕಣ್ಣೊರೆಸಿಕೊಳ್ಳುತ್ತಾ. "ಇಲ್ಲೇ ತರಸು."

ಇಬ್ಬರೂ ಅಲ್ಲೇ ತಿಂದೆವು. ಮಾತಾಡಿದೆವು, ನಕ್ಕೆವು, ಹೊಸ ಗ್ರಹಕ್ಕೆ ಯಾವಾಗ ಹೋಗೋಣ ಅಂತ ಲೆಕ್ಕ ಹಾಕಿದೆವು. ನಾನು ಒಂದೊಂದೇ ಸುತ್ತು ತಂತಿ ಪೋಣಿಸುತ್ತಾ ಹೋದೆ. ಕೊನೆಯ ಸುತ್ತು ಮುಗಿಯುವವರೆಗೂ ಅವನು ಸ್ಟೂಲು ಬಿಟ್ಟು ಏಳಲಿಲ್ಲ. ಸಂಜೆ ಹಳೇ ತಂತಿಯನ್ನು ಚೀಲಕ್ಕೆ ತುಂಬಿ ಅವನ ಮುಂದೆ ಹಿಡಿದೆ, ನೀನ ಇಟ್ಗೋ ಅಂತಾನೆ ಅಂತ. ಅವನು ಚೀಲದ ಬಾಯಿ ಅಗಲಿಸಿ, ಒಳಗೆ ಇಣುಕಿ ನೋಡಿ, ಗಂಟು ಹಾಕಿ, ಬೈಕಿನ ಹಿಂದೆ ಕಟ್ಟಿಕೊಂಡ.